ಅಮೆರಿಕ ಸೀನಿದರೆ ಐ.ಟಿ ಷೇರಿಗೆ ಜ್ವರ ಬರುವುದು ಹೇಗೆ?

2003ರ ಏಪ್ರಿಲ್ 10ರಂದು ಇನ್ಫೊಸಿಸ್ ಷೇರು ಒಂದೇ ದಿನ ಶೇ 26ಕ್ಕೂ ಹೆಚ್ಚು ಕುಸಿಯಿತು. ಕಂಪನಿ ನಷ್ಟವನ್ನೇನೂ ತೋರಿಸಿರಲಿಲ್ಲ. ಮುಂದಿನ ವರ್ಷ ವರಮಾನ ಏರಿದಷ್ಟು ಲಾಭ ಏರದು ಎಂದಿತ್ತು, ಅಷ್ಟೇ. ಇಂಟರ್ನೆಟ್ ಕಂಪನಿಗಳ ಷೇರು ಅತಿಯಾಗಿ ಉಬ್ಬಿದ್ದ ಡಾಟ್‌ಕಾಂ ಗುಳ್ಳೆ ಒಡೆದು, ಅಮೆರಿಕದ ತಂತ್ರಜ್ಞಾನ ಷೇರುಗಳೇ ಹೆಚ್ಚಿರುವ ನಾಸ್ಡಾಕ್ ಸೂಚ್ಯಂಕ 2000ರ ಮಾರ್ಚ್‌ನ 5,048ರಿಂದ 2002ರ ಅಕ್ಟೋಬರ್ ಹೊತ್ತಿಗೆ 1,114ಕ್ಕೆ ಇಳಿದಿತ್ತು. ಕೈ ಬಿಗಿಹಿಡಿದ ಅಮೆರಿಕದ ಗ್ರಾಹಕ ಕಂಪನಿಗಳು ಕೆಲಸ ಕೊಟ್ಟವು, ಆದರೆ ಬಿಲ್ಲಿಂಗ್ ದರವನ್ನು, ಅಂದರೆ ಆ ಕೆಲಸಕ್ಕೆ ಕೊಡುವ ದರವನ್ನು, ಕೆಳಕ್ಕೆ ಜಗ್ಗಿದವು. ಸಂಬಳದ ಖರ್ಚು ಹಾಗೇ ಉಳಿದು, ದರ ಮಾತ್ರ ಇಳಿದರೆ ಆ ವ್ಯತ್ಯಾಸ ನೇರವಾಗಿ ಲಾಭದಿಂದಲೇ ಕಳೆಯುತ್ತದೆ.

ಷೇರಿನ ಬೆಲೆ ಲಾಭಕ್ಕಿಂತ ಜೋರಾಗಿ ಬೀಳುವುದೇಕೆ? ಒಂದು ಲೆಕ್ಕ ನೋಡಿ. ಪ್ರತಿ ಷೇರಿನ ಗಳಿಕೆ ₹60, ಪೇಟೆ ಅದಕ್ಕೆ 28 ಪಟ್ಟು ಕೊಡುತ್ತಿದೆ ಎಂದುಕೊಳ್ಳಿ, ಬೆಲೆ ₹1,680. ಗಳಿಕೆಯ ಅಂದಾಜು ₹57ಕ್ಕೆ ಇಳಿಯಿತು, ಅಂದರೆ ಶೇ 5 ಮಾತ್ರ. ಆದರೆ ಬೆಳವಣಿಗೆ ಕುಂದಿದ ಕಂಪನಿಗೆ ಯಾರೂ 28 ಪಟ್ಟು ಕೊಡುವುದಿಲ್ಲ. 22 ಪಟ್ಟು ಕೊಟ್ಟರೆ ಬೆಲೆ ₹1,254. ಒಟ್ಟು ಇಳಿಕೆ ಶೇ 25. ಅದರಲ್ಲಿ ಬಹುಪಾಲು ಆ ‘ಪಟ್ಟು’ ಕುಗ್ಗಿದ್ದರಿಂದ ಆದದ್ದು.

2008ರ ಆರ್ಥಿಕ ಬಿಕ್ಕಟ್ಟಿನಲ್ಲಿ ಪೆಟ್ಟು ಬಿದ್ದದ್ದು ಬ್ಯಾಂಕುಗಳ ದಾರಿಯಿಂದ. ನಮ್ಮ ಐ.ಟಿ ಕಂಪನಿಗಳಿಗೆ ಬ್ಯಾಂಕು, ವಿಮೆ ವಲಯವೇ ಅತಿ ದೊಡ್ಡ ಗ್ರಾಹಕ. ಇನ್ಫೊಸಿಸ್‌ನ ಡಾಲರ್ ವರಮಾನದ ಬೆಳವಣಿಗೆ 2007–08ರಲ್ಲಿ ಶೇ 35ರಷ್ಟಿದ್ದದ್ದು ಮರುವರ್ಷ ಶೇ 12ಕ್ಕೆ, ಅದರ ಮರುವರ್ಷ ಶೇ 3ಕ್ಕೆ ಬಂತು. ಷೇರು ಮಾತ್ರ ಇಷ್ಟು ಕಾಯಲಿಲ್ಲ. ವರಮಾನ ಅತ್ಯಂತ ಮಂದವಾಗಿದ್ದ 2009ರಲ್ಲೇ ಅದು ದುಪ್ಪಟ್ಟಿಗೂ ಮೇಲೇರಿತು. ಪೇಟೆ ಮುಂದಿನ ವರ್ಷವನ್ನು ನೋಡುತ್ತದೆ. ಗ್ರಾಹಕರ ಬಜೆಟ್ ಕಡಿತ ಕಂಪನಿಯ ಲೆಕ್ಕಪುಸ್ತಕಕ್ಕೆ ಬರುವಷ್ಟರಲ್ಲಿ ಪೇಟೆಗೆ ಅದು ಹಳೇ ಸುದ್ದಿ.

ಆಗ ರೂಪಾಯಿಯೂ ಕೈಹಿಡಿಯಿತು. 2008ರ ಆರಂಭದಲ್ಲಿ ₹39ರ ಆಸುಪಾಸಿನಲ್ಲಿದ್ದ ಡಾಲರ್ ವರ್ಷಾಂತ್ಯಕ್ಕೆ ₹50ರ ಹತ್ತಿರ ಬಂದಿತ್ತು. ಡಾಲರಿನಲ್ಲಿ ಗಳಿಸಿ ರೂಪಾಯಿಯಲ್ಲಿ ಸಂಬಳ ಕೊಡುವವರಿಗೆ ಇದು ಲಾಭವೇ. ಆದರೆ ಈ ಲಾಭವನ್ನು ಬೇಡಿಕೆ ಎಂದು ತಿಳಿದರೆ ಮೋಸಹೋಗುತ್ತೀರಿ. ಅದಕ್ಕೇ ಬಲ್ಲವರು ‘ಸ್ಥಿರ ಕರೆನ್ಸಿ’ ಲೆಕ್ಕದ, ಅಂದರೆ ವಿನಿಮಯ ದರದ ಏರಿಳಿತ ಬದಿಗಿಟ್ಟ ಲೆಕ್ಕದ ಬೆಳವಣಿಗೆಯನ್ನೇ ಮೊದಲು ನೋಡುವುದು.

ಅಮೆರಿಕದಲ್ಲಿ ಆರ್ಥಿಕ ಹಿಂಜರಿತ ಬಂದೇಬಿಡಬೇಕು ಎಂದೂ ಇಲ್ಲ, ಬರುತ್ತದೆಂಬ ಭಯ ಸಾಕು. 2022ರ ಮಾರ್ಚ್‌ನಲ್ಲಿ ಶೂನ್ಯದ ಹತ್ತಿರವಿದ್ದ, ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಬಡ್ಡಿದರ 2023ರ ಜುಲೈಗೆ ಶೇ 5.25–5.50 ಮುಟ್ಟಿತು. ನಡುವೆ, 2023ರ ಮಾರ್ಚ್‌ನಲ್ಲಿ, ಅಲ್ಲಿನ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿತು. ಈಗಿರುವ ಸಾಫ್ಟ್‌ವೇರ್ ನಿರ್ವಹಣೆಯ ಕೆಲಸವನ್ನು ಬ್ಯಾಂಕುಗಳು ನಿಲ್ಲಿಸಲಾರವು, ನಿಲ್ಲಿಸಿದರೆ ಎ.ಟಿ.ಎಂ ನಡೆಯದು. ಕತ್ತರಿ ಬೀಳುವುದು ಹೊಸ ಆ್ಯಪ್, ಸಲಹಾ ಸೇವೆ, ಕ್ಲೌಡ್‌ಗೆ ಸ್ಥಳಾಂತರದಂಥ ‘ಆಮೇಲೆ ನೋಡೋಣ’ ಎನ್ನಬಹುದಾದ ಯೋಜನೆಗಳಿಗೆ. 2023ರ ಏಪ್ರಿಲ್‌ನಲ್ಲಿ ಶೇ 4–7ರ ಬೆಳವಣಿಗೆಯ ಮುನ್ನೋಟ ಕೊಟ್ಟಾಗಲೇ ಇನ್ಫೊಸಿಸ್ ಷೇರು ಒಂದು ದಿನದಲ್ಲಿ ಶೇ 9ರಷ್ಟು ಬಿದ್ದಿತ್ತು. ಜುಲೈನಲ್ಲಿ ಆ ಮುನ್ನೋಟ ಶೇ 1–3.5ಕ್ಕೆ ಇಳಿಯಿತು. ವರ್ಷದ ಕೊನೆಗೆ ದಕ್ಕಿದ್ದು ಶೇ 1.4.

ವಿಚಿತ್ರವೆಂದರೆ, ಅದೇ 2023–24ರಲ್ಲಿ ಕಂಪನಿ ಸಹಿ ಹಾಕಿದ ದೊಡ್ಡ ಗುತ್ತಿಗೆಗಳ ಮೌಲ್ಯ 1,770 ಕೋಟಿ ಡಾಲರ್, ಅಲ್ಲಿಯವರೆಗಿನ ದಾಖಲೆ. ಈ ಅಂಕಿ ನೋಡಿ ಷೇರು ಕೊಂಡವರು ಕೇಳಬೇಕಾದ ಪ್ರಶ್ನೆ ಎರಡು. ಈ ಹಣ ಎಷ್ಟು ವರ್ಷಗಳಿಗೆ ಹಂಚಿಹೋಗುತ್ತದೆ? ಇದರಲ್ಲಿ ಹೊಸ ಕೆಲಸ ಎಷ್ಟು, ಹಳೇ ಗುತ್ತಿಗೆಯ ನವೀಕರಣ ಎಷ್ಟು? ವೆಚ್ಚ ಉಳಿಸಲೆಂದು ಕೊಟ್ಟ ಗುತ್ತಿಗೆಯ ಹಣ ಹಲವು ವರ್ಷಗಳಲ್ಲಿ ನಿಧಾನಕ್ಕೆ ಬರುತ್ತದೆ. ರದ್ದಾದ ಸಣ್ಣ ಯೋಜನೆಗಳ ವರಮಾನವಾದರೋ ಅದೇ ತ್ರೈಮಾಸಿಕದಲ್ಲಿ ಕೈಬಿಟ್ಟುಹೋಗುತ್ತದೆ.