ಬಿಯರಿಗೆ ಬೆಣ್ಣೆಯ ವಾಸನೆ ಎಲ್ಲಿಂದ ಬಂತು?

ಮನೆಯಲ್ಲಿ ಲಾಗರ್, ಅಂದರೆ ತಂಪಿನಲ್ಲಿ ಹುದುಗುವ ಬಿಯರ್, ಮಾಡುವವರಿಗೆ ಎರಡು ವಾರ ಕಳೆಯುವ ಹೊತ್ತಿಗೆ ತಾಳ್ಮೆ ಕರಗುತ್ತದೆ. ಗುಳುಗುಳು ಸದ್ದು ನಿಂತಿರುತ್ತದೆ, ನೊರೆ ಇಳಿದಿರುತ್ತದೆ. ಇನ್ನೇನು, ಬಾಟಲಿಗೆ ತುಂಬೋಣ ಅನ್ನಿಸುತ್ತದೆ. ದಯವಿಟ್ಟು ಕಾಯಿರಿ. ಯೀಸ್ಟ್‌ಗೆ ಇನ್ನೂ ಕೆಲಸ ಬಾಕಿ ಇದೆ.

ಸಕ್ಕರೆ ತಿಂದು ಬೆಳೆಯುವ ಭರದಲ್ಲಿ ಯೀಸ್ಟ್ ಆಲ್ಫಾ ಅಸಿಟೋಲ್ಯಾಕ್ಟೇಟ್ ಎಂಬ ವಸ್ತುವನ್ನು ಹೊರಗೆ ಚೆಲ್ಲುತ್ತದೆ. ಇದಕ್ಕೆ ವಾಸನೆಯೇ ಇಲ್ಲ. ಆದರೆ ಬಿಯರಿನಲ್ಲಿ ಇದು ನಿಧಾನವಾಗಿ ಡಯಾಸಿಟೈಲ್ ಆಗುತ್ತದೆ. ಬೆಣ್ಣೆಗೆ ಘಮ ಕೊಡುವುದೂ ಇದೇ. ಬೆಣ್ಣೆಯಲ್ಲಿ ಚೆನ್ನ, ಲಾಗರ್‌ನಲ್ಲಿ ಅಲ್ಲ. ಲೀಟರಿಗೆ 0.1 ಮಿಲಿಗ್ರಾಂ ಇದ್ದರೂ ಸಾಕು, ಎಷ್ಟೋ ಜನರ ಮೂಗಿಗೆ ಗೊತ್ತಾಗುತ್ತದೆ.

ಯೀಸ್ಟ್ ತಾನು ಚೆಲ್ಲಿದ್ದನ್ನು ತಾನೇ ಬಳಿಯುತ್ತದೆ! ಸಕ್ಕರೆ ಮುಗಿಯುತ್ತಾ ಬಂದಾಗ ಡಯಾಸಿಟೈಲನ್ನು ಒಳಗೆಳೆದುಕೊಂಡು, ಹೆಚ್ಚು ವಾಸನೆಯಿಲ್ಲದ ವಸ್ತುವಾಗಿ ಬದಲಿಸುತ್ತದೆ. ಹಸಿರು ಸೇಬಿನಂಥ ವಾಸನೆ ಕೊಡುವ ಅಸಿಟಾಲ್ಡಿಹೈಡ್ ಕೂಡ ಹೀಗೇ ಕಡಿಮೆಯಾಗುತ್ತದೆ. ಈ ಕೆಲಸಕ್ಕೆ ಯೀಸ್ಟ್ ಚುರುಕಾಗಿರಬೇಕು. ಅದಕ್ಕೇ 10–12 ಡಿಗ್ರಿಯಲ್ಲಿ ಹುದುಗುವ ಲಾಗರನ್ನು ಕೊನೆಯಲ್ಲಿ ಎರಡು ಮೂರು ದಿನ 16–18 ಡಿಗ್ರಿಗೆ ಏರಿಸುತ್ತಾರೆ.

ಕೆಲಸ ಮುಗಿಯಿತಾ ಅಂತ ತಿಳಿಯಲು ಒಂದು ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಎರಡು ಲೋಟದಲ್ಲಿ ಸ್ವಲ್ಪ ಬಿಯರ್ ತೆಗೆದುಕೊಳ್ಳಿ. ಒಂದನ್ನು ಮುಚ್ಚಿ, ಸುಮಾರು 60 ಡಿಗ್ರಿಯ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ. ಆರಿದ ಮೇಲೆ ಎರಡನ್ನೂ ಮೂಸಿ. ಬಿಸಿ ಮಾಡಿದ್ದು ಮಾತ್ರ ಬೆಣ್ಣೆಯಂತೆ ಘಮ್ಮೆಂದರೆ, ಅಡಗಿದ್ದ ಅಸಿಟೋಲ್ಯಾಕ್ಟೇಟ್ ಹೊರಬಿತ್ತು ಅಂತ ಅರ್ಥ. ಈಗಲೇ ತುಂಬಿದರೆ ಆ ವಾಸನೆ ಮುಂದೆ ಬಾಟಲಿಯಲ್ಲಿ ಏಳಬಹುದು.

ದ್ರವದ ಸಾಂದ್ರತೆ ಅಳೆದು ಸಕ್ಕರೆಯ ಅಂದಾಜು ಕೊಡುವ ಹೈಡ್ರೋಮೀಟರ್ ಕೂಡ ನೋಡಬೇಕು. ಎರಡು ಮೂರು ದಿನದ ಅಂತರದಲ್ಲಿ ಅಳತೆ ಬದಲಾಗಿರಬಾರದು. ಸಕ್ಕರೆ ಉಳಿದಿದ್ದರೆ ಬಾಟಲಿಯಲ್ಲಿ ಗ್ಯಾಸ್ ಜಾಸ್ತಿಯಾಗಿ ಗಾಜು ಸಿಡಿಯಬಹುದು. ಇದು ಸುಮ್ನೆ ಹೆದರಿಸುವ ಮಾತಲ್ಲ.

ಇಷ್ಟಾದ ಮೇಲೆ ತಣ್ಣಗಿಡುವ ಸರದಿ. ಲಾಗರ್ ಎಂಬ ಹೆಸರು ಬಂದದ್ದೇ ಜರ್ಮನ್ನಿನ ಉಗ್ರಾಣ ಎಂಬ ಅರ್ಥದ ಮಾತಿನಿಂದ. ಜರ್ಮನಿಯ ಬವೇರಿಯಾದಲ್ಲಿ 1553ರಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಬಿಯರ್ ಮಾಡುವುದನ್ನೇ ನಿಷೇಧಿಸಿದರು. ಹಾಗಾಗಿ ಚಳಿಗಾಲದಲ್ಲಿ ಮಾಡಿದ್ದು ತಂಪು ನೆಲಮಾಳಿಗೆಗಳಲ್ಲಿ ತಿಂಗಳುಗಟ್ಟಲೆ ಕೂರುತ್ತಿತ್ತು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಯೀಸ್ಟ್ ತಳಕ್ಕಿಳಿದು ಗಸಿಯಾಗುತ್ತದೆ, ಬಿಯರ್ ತಿಳಿಯಾಗುತ್ತದೆ.

ಎಲ್ಲ ಬಿಯರಿಗೂ ಇಷ್ಟು ಕಾಯಬೇಕಿಲ್ಲ. ಗೋಧಿ ಬಿಯರನ್ನು, ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಘಮದ ಐಪಿಎ ಎಂಬ ಬಗೆಯ ಬಿಯರನ್ನು ಬೇಗ ಕುಡಿದರೇ ಚೆಂದ. ಹಾಪ್ಸ್‌ನ ಘಮ ಗಾಳಿ ತಾಗಿದರೆ ಬೇಗ ಕೆಡುತ್ತದೆ. ಆದ್ದರಿಂದ ತುಂಬುವಾಗ ಮೇಲಿಂದ ಸುರಿಯಬೇಡಿ. ಕೊಳವೆಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ, ಸದ್ದಿಲ್ಲದೆ ತುಂಬಿ.