ಲಾಕೌಟ್-ಟ್ಯಾಗೌಟ್: ಬೀಗದ ಕೈ ಯಾರ ಜೇಬಿನಲ್ಲಿರಬೇಕು?

ಪತ್ರಿಕೆಯಲ್ಲಿ ‘ಲಾಕೌಟ್’ ಎಂದು ಓದಿದರೆ ಆಡಳಿತ ಮಂಡಳಿ ಗೇಟಿಗೆ ಬೀಗ ಜಡಿದು ಕಾರ್ಮಿಕರನ್ನು ಹೊರಗೆ ನಿಲ್ಲಿಸಿದ ಚಿತ್ರ ಕಣ್ಣೆದುರು ಬರುತ್ತದೆ. ಅದೇ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಈ ಪದಕ್ಕೆ ಬೇರೆಯೇ ಅರ್ಥವಿದೆ. ಅಲ್ಲಿ ಬೀಗ ಬೀಳುವುದು ಯಂತ್ರಕ್ಕೆ ಕರೆಂಟು ಕೊಡುವ ಸ್ವಿಚ್ಚಿಗೆ. ಹಾಕುವವನು ಆ ಯಂತ್ರದ ರಿಪೇರಿಗೆ ಇಳಿಯುವ ಕಾರ್ಮಿಕ. ಪೂರ್ತಿ ಹೆಸರು ಲಾಕೌಟ್-ಟ್ಯಾಗೌಟ್, ಬಾಯಿಮಾತಿನಲ್ಲಿ ‘ಲೋಟೊ’.

ರಿಪೇರಿಗೋ ಕ್ಲೀನಿಂಗಿಗೋ ಯಂತ್ರದೊಳಗೆ ಕೈ ಹಾಕುವ ಮೊದಲು, ಅದಕ್ಕೆ ಶಕ್ತಿ ಬರುವ ಎಲ್ಲ ದಾರಿಗಳನ್ನೂ ಮುಚ್ಚಬೇಕು. ಮುಚ್ಚಿದ ಜಾಗಕ್ಕೆ ಸ್ವಂತ ಬೀಗ ಹಾಕಬೇಕು. ‘ಕೆಲಸ ನಡೆಯುತ್ತಿದೆ, ಆನ್ ಮಾಡಬೇಡಿ’ ಎಂಬ ಚೀಟಿಯಲ್ಲಿ ಹೆಸರು, ತಾರೀಕು, ಫೋನ್ ನಂಬರ್ ಬರೆದು ತೂಗುಹಾಕಬೇಕು. ಬೀಗ ‘ಲಾಕ್’, ಚೀಟಿ ‘ಟ್ಯಾಗ್’. ಕನ್ನಡದಲ್ಲಿ ನಾವು ಕೀಲಿಯನ್ನು ‘ಬೀಗದ ಕೈ’ ಎನ್ನುತ್ತೇವಲ್ಲ, ಈ ಪದ್ಧತಿಯ ತಿರುಳನ್ನು ಹೇಳಲು ಅದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ: ಯಾರ ಕೈ ಯಂತ್ರದೊಳಗಿದೆಯೋ ಬೀಗದ ಕೈಯೂ ಅವರ ಜೇಬಿನಲ್ಲೇ ಇರಬೇಕು. ಸೂಪರ್‌ವೈಸರ್ ಹತ್ತಿರವೂ ಅಲ್ಲ, ಆಫೀಸಿನ ಮೊಳೆಗೂ ಅಲ್ಲ.

ನಾನು ಕೆಲಸ ಕಲಿತ ಕಾಲದಲ್ಲಿ ಲೋಟೊ ಎಂಬ ಹೆಸರು ಕೇಳಿರಲಿಲ್ಲ. ಆದರೆ ಅದರ ಬುದ್ಧಿ ಇದ್ದವರೊಬ್ಬರು ಇದ್ದರು, ನಮ್ಮ ಹಿರಿಯ ಎಲೆಕ್ಟ್ರಿಷಿಯನ್. ಕನ್ವೇಯರ್ ಬೆಲ್ಟಿನ ಕೆಲಸವಿದ್ದರೆ ಮೊದಲು ಪ್ಯಾನೆಲ್ ತೆಗೆದು ಮೂರೂ ಫ್ಯೂಸ್ ಕಿತ್ತು ಪ್ಯಾಂಟಿನ ಜೇಬಿಗೆ ಇಳಿಸಿಯೇ ಮೇಲೆ ಹತ್ತುತ್ತಿದ್ದರು. ನಡೆದರೆ ಪಿಂಗಾಣಿ ಫ್ಯೂಸುಗಳು ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು. “ಅಣ್ಣ, ಬೋರ್ಡ್ ನೇತುಹಾಕಿದ್ರೆ ಸಾಲ್ದಾ?” ಅಂತ ನಾನೊಮ್ಮೆ ಕೇಳಿದ್ದೆ. “ಓದೋಕೆ ಬರ್ದಿರೋನು ಬಂದ್ರೆ ಏನ್ ಮಾಡ್ತೀಯ?” ಅಂದರು. ಅವರ ಲೆಕ್ಕದಲ್ಲಿ ಒಂದೇ ಒಂದು ತೂತಿತ್ತು: ಸ್ಟೋರಿನ ಡ್ರಾಯರಿನಲ್ಲಿ ಸ್ಪೇರ್ ಫ್ಯೂಸುಗಳಿದ್ದವು, ಯಾರು ಬೇಕಾದರೂ ತಂದು ತುರುಕಬಹುದಿತ್ತು. ಬೀಗ ಆ ತೂತನ್ನು ಮುಚ್ಚುತ್ತದೆ. ಚೀಟಿ ಒಂದೇ ಇದ್ದರೆ ಅದು ವಿನಂತಿ ಅಷ್ಟೆ.

ನಾಲ್ಕು ಜನ ಸೇರಿ ಕೆಲಸ ಮಾಡುವಾಗ ‘ಹ್ಯಾಸ್ಪ್’ ಎಂಬ ಕಬ್ಬಿಣದ ಕೊಂಡಿ ಬೇಕು. ಸ್ವಿಚ್ಚಿನ ತೂತಿಗೆ ಅದನ್ನು ಸಿಕ್ಕಿಸಿದರೆ ಅದರ ಆರು ಕಣ್ಣುಗಳಲ್ಲಿ ಆರು ಜನ ತಮ್ಮ ತಮ್ಮ ಬೀಗ ಹಾಕಬಹುದು. ಕೊನೆಯವನ ಬೀಗ ತೆಗೆಯುವ ತನಕ ಕೊಂಡಿ ಬಿಚ್ಚುವುದಿಲ್ಲ. ಪಾಳಿ ಬದಲಾಗುವಾಗ ಬರುವವನ ಬೀಗ ಬಿದ್ದ ಮೇಲೆಯೇ ಹೋಗುವವನ ಬೀಗ ತೆಗೆಯಬೇಕು.

ಪಾಳಿ ಬದಲಾವಣೆಯ ಬಗ್ಗೆ ಇಷ್ಟು ಕಟ್ಟುನಿಟ್ಟು ಯಾಕೆಂದರೆ, 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಎಡವಟ್ಟಾದದ್ದು ಅಲ್ಲೇ. ಹಗಲು ಪಾಳಿಯವರು ಒಂದು ಪಂಪಿನ ಸೇಫ್ಟಿ ವಾಲ್ವ್ ತೆಗೆದು, ಆ ಜಾಗಕ್ಕೆ ಮುಚ್ಚಳದಂಥ ತಟ್ಟೆ ಕೂರಿಸಿದ್ದರು. ಕೆಲಸ ಮುಗಿದಿರಲಿಲ್ಲ. ಆ ವಿಷಯ ರಾತ್ರಿ ಪಾಳಿಯ ಕಂಟ್ರೋಲ್ ರೂಮಿಗೆ ತಲುಪಲಿಲ್ಲ. ಇನ್ನೊಂದು ಪಂಪ್ ನಿಂತಾಗ ಅವರು ಇದನ್ನೇ ಚಾಲೂ ಮಾಡಿದರು. ತಟ್ಟೆಯ ಸಂದಿನಿಂದ ಅನಿಲ ಸೋರಿ ಸ್ಫೋಟವಾಯಿತು, 167 ಜನ ಸತ್ತರು. ತನಿಖೆ ನಡೆಸಿದ ಲಾರ್ಡ್ ಕಲೆನ್ ಅವರ ಶಿಫಾರಸುಗಳಲ್ಲಿ ಹರಿವನ್ನು ಪೂರ್ತಿ ತಡೆಯುವ ಐಸೊಲೇಷನ್ ವಾಲ್ವುಗಳಿಗೆ ಬೀಗ ಹಾಕಿ ಟ್ಯಾಗ್ ಕಟ್ಟಬೇಕೆಂಬುದೂ ಒಂದು. ಅಮೆರಿಕದಲ್ಲಿ ಲಾಕೌಟ್-ಟ್ಯಾಗೌಟ್ ನಿಯಮ ಬಂದದ್ದು 1989ರಲ್ಲಿ.

ನಾನು ಹೆಚ್ಚಾಗಿ ಕಂಡಿರುವ ತಪ್ಪು ತಿಳಿವಳಿಕೆ ಎಮರ್ಜೆನ್ಸಿ ಸ್ಟಾಪ್ ಬಟನ್ನಿನದು. ಕೆಂಪು ಅಣಬೆಯಂಥ ಆ ಬಟನ್ ಒತ್ತಿದರೆ ಯಂತ್ರ ನಿಲ್ಲುತ್ತದೆ, ನಿಜ. ಸಾಮಾನ್ಯವಾಗಿ ಅದು ಕಡಿಯುವುದು ಕಂಟ್ರೋಲ್ ಸರ್ಕೀಟನ್ನು. ಮೇನ್ ಸಪ್ಲೈ ಮಾತ್ರ, ಮೋಟರಿಗೆ ಕರೆಂಟು ಬಿಡುವ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚಿನ ಬಾಗಿಲ ತನಕ ಬಂದು ಕಾಯುತ್ತಿರುತ್ತದೆ. ಬಟನ್ ತಿರುಗಿಸಿ ಯಾರೋ ಸ್ಟಾರ್ಟ್ ಒತ್ತಿದರೆ ಮುಗಿಯಿತು. ಬೀಗ ಬೀಳಬೇಕಾದದ್ದು ಕರೆಂಟನ್ನು ಪೂರ್ತಿ ಕಡಿಯುವ ಸ್ವಿಚ್ಚಿಗೆ, ಅಂದರೆ ಮೇನ್ ಐಸೊಲೇಟರಿಗೆ.

ಕರೆಂಟು ಹೋದ ಮೇಲೂ ಯಂತ್ರ ಪೂರ್ತಿ ಸತ್ತಿರುವುದಿಲ್ಲ. ಪವರ್ ಪ್ರೆಸ್ಸಿನ ಭಾರದ ಚಕ್ರ, ಫ್ಲೈವೀಲ್, ಸ್ವಿಚ್ ಆರಿಸಿದ ಮೇಲೂ ತಿರುಗುತ್ತಲೇ ಇರುತ್ತದೆ. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಮೇಲೆ ನಿಂತ, ಒತ್ತುವ ಭಾರಿ ಭಾಗವಾದ ರ‍್ಯಾಮ್ ಎಣ್ಣೆಯ ಒತ್ತಡ ಇಳಿದರೆ ತನ್ನ ಭಾರಕ್ಕೆ ತಾನೇ ಕೆಳಗೆ ಬರುತ್ತದೆ; ಅದಕ್ಕೇ ಕೆಳಗೆ ಬ್ಲಾಕ್ ಕೊಡುವುದು. ಮೋಟರಿನ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವಿನ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ, ಮುಚ್ಚಳದ ಮೇಲೆಯೇ ‘ಇಷ್ಟು ನಿಮಿಷ ಕಾಯಿರಿ’ ಎಂದು ಬರೆದಿರುತ್ತದೆ. ಏರ್ ಲೈನಿನಲ್ಲಿ ಗಾಳಿ, ಪೈಪಿನಲ್ಲಿ ಹಬೆ, ಸ್ಪ್ರಿಂಗಿನಲ್ಲಿ ಬಿಗಿತ, ಎಲ್ಲವನ್ನೂ ಹೊರಗೆ ಬಿಡಬೇಕು. ಆಮೇಲೆ, ಯಾರೂ ಹತ್ತಿರವಿಲ್ಲ ಎಂದು ನೋಡಿಕೊಂಡು, ಸ್ಟಾರ್ಟ್ ಬಟನ್ ಒತ್ತಿ ನೋಡಬೇಕು. ‘ಟ್ರೈ ಮಾಡೋದು’ ಎನ್ನುವುದು ಇದನ್ನೇ. ತಪ್ಪು ಸ್ವಿಚ್ಚಿಗೆ ಬೀಗ ಹಾಕಿದ್ದರೆ ಗೊತ್ತಾಗುವುದು ಆ ಕ್ಷಣದಲ್ಲಿ. ಅವಸರದಲ್ಲಿ ಜನ ಬಿಟ್ಟುಬಿಡುವುದೂ ಈ ಹಂತವನ್ನೇ.

ನಮ್ಮ ಊರುಗಳ ಲೈನ್‌ಮನ್‌ಗಳಿಗೆ ಇದರ ಅಣ್ಣತಮ್ಮನಂಥ ಪದ್ಧತಿ ಹಳೆಯದು: ‘ಎಲ್‌ಸಿ’, ಅಂದರೆ ಲೈನ್ ಕ್ಲಿಯರ್, ಲೈನಿನ ಕರೆಂಟು ತೆಗೆದಿದೆ ಎಂಬ ಒಪ್ಪಿಗೆ. ಸಬ್‌ಸ್ಟೇಷನ್ನಿನಿಂದ ಎಲ್‌ಸಿ ತೆಗೆದುಕೊಂಡ ಮೇಲೂ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಸಿಕ್ಕಿಸಿಯೇ ಮುಟ್ಟಬೇಕು. ಯಾವುದೋ ಮನೆಯವರು ಮನೆಯನ್ನು ಲೈನಿನಿಂದ ಬಿಡಿಸುವ ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಾಕಿದರೆ ಕರೆಂಟು ಹಿಂದಕ್ಕೆ ಹರಿದು, ಅದರ ವೋಲ್ಟೇಜ್ ಟ್ರಾನ್ಸ್‌ಫಾರ್ಮರಿನಲ್ಲಿ ಏರಿ, ಕಂಬದ ಮೇಲಿದ್ದವನನ್ನು ಮುಟ್ಟುತ್ತದೆ.

ಕಾನೂನಿನಲ್ಲಿ ಇದಕ್ಕೆ ಆಧಾರವಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅಕಸ್ಮಾತ್ ಆಫ್‌ನಿಂದ ಆನ್‌ಗೆ ಜಾರಬಹುದಾದ ಸ್ವಿಚ್ಚನ್ನು ಸುರಕ್ಷಿತ ಸ್ಥಿತಿಯಲ್ಲಿ ಲಾಕ್ ಮಾಡುವ ವ್ಯವಸ್ಥೆ ಇರಬೇಕೆಂದು 1948ರ ಫ್ಯಾಕ್ಟರೀಸ್ ಆಕ್ಟಿನ 24ನೇ ಸೆಕ್ಷನ್ನಿನಲ್ಲೇ ಬರೆದಿತ್ತು. ಈ ವಿಷಯಗಳನ್ನೆಲ್ಲ ಒಟ್ಟುಗೂಡಿಸುವ, ಕೆಲಸದ ಜಾಗದ ಸುರಕ್ಷತೆಯ ಸಂಹಿತೆಯನ್ನು ಸಂಸತ್ತು 2020ರಲ್ಲಿ ಅಂಗೀಕರಿಸಿತು; 2025ರ ನವೆಂಬರಿನಲ್ಲಿ ಅದು ಜಾರಿಯಾಗಿ ಆ ಆಕ್ಟಿನ ಜಾಗಕ್ಕೆ ಬಂತು.

ನನ್ನನ್ನು ಕಾಡುವುದು ಗುತ್ತಿಗೆಯವರ ಪ್ರಶ್ನೆ. ಟ್ಯಾಂಕಿನೊಳಗೆ, ಮಿಕ್ಸರಿನೊಳಗೆ ಇಳಿದು ಕೆರೆಯುವ ಕೆಲಸ ಎಷ್ಟೋ ಕಡೆ ಅವರದು. ಬೀಗಗಳ ಸೆಟ್ ಮಾತ್ರ ಕಂಪನಿಯ ಖಾಯಂ ನೌಕರರ ಕಪಾಟಿನಲ್ಲಿರುತ್ತದೆ. ಬಿಹಾರದಿಂದಲೋ ಒಡಿಶಾದಿಂದಲೋ ನಿನ್ನೆ ಬಂದಿಳಿದ ಹುಡುಗನಿಗೆ ಇಂಗ್ಲಿಷ್ ಟ್ಯಾಗ್ ಕಾಗದದ ತುಂಡು. ಟ್ಯಾಗ್ ಕನ್ನಡದಲ್ಲೂ ಹಿಂದಿಯಲ್ಲೂ ಇರಲಿ, ಜೊತೆಗೆ ಹಾಕಿದವನ ಫೋಟೊ ಇರಲಿ. ಹೆಲ್ಮೆಟ್ ಕೊಡುವ ದಿನವೇ ಅವನ ಹೆಸರಿನ ಒಂದು ಬೀಗವನ್ನೂ ಕೊಡಿ. ಬೀಗ ತೆಗೆಯುವುದನ್ನು ಮರೆತು ಅವನು ಸಂಜೆಯ ಬಸ್ ಹತ್ತಿಬಿಟ್ಟರೆ, ಕಟರ್ ತರುವ ಮೊದಲು ಟ್ಯಾಗಿನ ಮೇಲಿರುವ ನಂಬರಿಗೆ ಫೋನ್ ಮಾಡಿ. ಅವನು ನಿಜವಾಗಿ ಬಸ್ಸಿನಲ್ಲೇ ಇದ್ದಾನೆಂದು ಅವನ ದನಿಯಲ್ಲೇ ಕೇಳಿಸಿಕೊಳ್ಳಿ.