ವಿಜ್ಞಾನ ಬರಹ, ಇಂಗ್ಲಿಷಿನಿಂದ ಚೀನಿಗೆ: ಪದಕ್ಕಿಂತ ವಾಕ್ಯದ್ದೇ ಕಾಟ

ಅನುವಾದಕ್ಕೆ ಕೂತಾಗ ಮೊದಲು ಹೆದರಿಸುವುದು ಪಾರಿಭಾಷಿಕ ಪದಗಳು, ಅಲ್ವಾ? ಆದರೆ ಚೀನಿಯಲ್ಲಿ ಆ ಕೆಲಸ ಬಹುಪಾಲು ಯಾರೋ ಮಾಡಿಟ್ಟಿದ್ದಾರೆ. ಜೀನ್‌ಗೆ 'ಜಿಯಿನ್' ಅಂತಾರೆ. ಸದ್ದು ಇಂಗ್ಲಿಷಿಗೆ ಹತ್ತಿರ, ಅಕ್ಷರಗಳ ಅರ್ಥ 'ಮೂಲ ಕಾರಣ'. ಲೇಸರ್‌ಗೆ ಮೊದಲು 'ಲೈಸೈ' ಅಂತ ಬರೀ ಸದ್ದನ್ನೇ ಬರೆಯುತ್ತಿದ್ದರು. 1964ರಲ್ಲಿ ರಾಕೆಟ್ ವಿಜ್ಞಾನಿ ಚಿಯೆನ್ ಶುಯೆಸೆನ್ 'ಜಿಗುವಾಂಗ್' ಅನ್ನೋಣ ಅಂದರು, ಅದೇ ನಿಂತುಬಿಟ್ಟಿತು. 'ಗುವಾಂಗ್' ಅಂದರೆ ಬೆಳಕು. ಆಕ್ಸಿಜನ್ ಇನ್ನೂ ಮಜಾ. ಆಮ್ಲಗಳನ್ನೆಲ್ಲ ಹುಟ್ಟಿಸುವುದು ಇದೇ ಅಂದುಕೊಂಡಿದ್ದ ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೆಯ ತಪ್ಪು ನಮ್ಮ 'ಆಮ್ಲಜನಕ'ದಲ್ಲಿ ಇವತ್ತಿಗೂ ಕೂತಿದೆ, ಚೀನಿಯವರ 'ಯಾಂಗ್' ಬಂದಿದ್ದು ಪೋಷಿಸುವ ಗಾಳಿ ಅನ್ನುವ ಅರ್ಥದಿಂದ. ಹಾಗಾಗಿ ಸುಮ್ನೆ ಹೊಸ ಪದ ಹೊಸೆಯಬೇಡಿ, ನಿಘಂಟು ನೋಡಿ.

ನಿಜವಾದ ಕಾಟ ವಾಕ್ಯದ್ದು. ಇಂಗ್ಲಿಷಿನಲ್ಲಿ ನಾಮಪದ ಮೊದಲು ಬಂದು, ವಿವರಣೆಯೆಲ್ಲ ಬಾಲದ ಹಾಗೆ ಹಿಂದೆ ನೇತಾಡುತ್ತದೆ. ಚೀನಿಯಲ್ಲಿ, ನಮ್ಮಲ್ಲಿರುವ ಹಾಗೇ, ವಿವರಣೆ ಮುಂದೆ ಬರಬೇಕು, ನಡುವೆ 'ದೆ' ಅನ್ನುವ ಕೊಂಡಿ. 1987ರ ಸೂಪರ್‌ನೋವಾ ಬಗ್ಗೆ ಇಂಗ್ಲಿಷ್ ವಾಕ್ಯವೊಂದನ್ನು ಇದ್ದಹಾಗೇ ಎಳೆದು ತಂದರೆ 'ನಮ್ಮಿಂದ ಸುಮಾರು 1,68,000 ಜ್ಯೋತಿರ್ವರ್ಷ ದೂರದಲ್ಲಿರುವ ದೊಡ್ಡ ಮೆಗೆಲನ್ ಮೋಡದಲ್ಲಿದ್ದ, ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರವಾಗಿದ್ದ ನಕ್ಷತ್ರ ಸಿಡಿದದ್ದನ್ನು' ಅಂತಾಗಿ, ಕ್ರಿಯಾಪದ ಸಿಗುವ ಹೊತ್ತಿಗೆ ಓದುವವರಿಗೆ ಏದುಸಿರು. ಕತ್ತರಿಸಿ. 1987ರಲ್ಲಿ ಒಂದು ನಕ್ಷತ್ರ ಸಿಡಿದದ್ದು ಕಂಡಿತು. ಅದು ಇದ್ದದ್ದು ದೊಡ್ಡ ಮೆಗೆಲನ್ ಮೋಡದಲ್ಲಿ. ಅಲ್ಲಿಂದ ಬೆಳಕು ಇಲ್ಲಿಗೆ ಬರಲು ಸುಮಾರು 1,68,000 ವರ್ಷ ಬೇಕು. ಎರಡು 'ದೆ' ತನಕ ನಾನು ಸಹಿಸುತ್ತೇನೆ, ಮೂರನೆಯದು ಬಂದರೆ ಹೊಸ ವಾಕ್ಯ.

'ಬೇಯ್' ಅನ್ನುವ ಪದ ಹಾಕಿ ಕರ್ಮಣಿ ವಾಕ್ಯ ಮಾಡುವ ಚಟವೂ ಬೇಡ. 'ನೆಪ್ಚೂನ್ ಕಂಡುಹಿಡಿಯಲ್ಪಟ್ಟಿತು' ನಮ್ಮ ಕಿವಿಗೆ ಹೇಗೆ ಚುಚ್ಚುತ್ತದೋ ಅವರಿಗೂ ಹೆಚ್ಚುಕಮ್ಮಿ ಹಾಗೇ.

ಇಷ್ಟೆಲ್ಲ ಕತ್ತರಿಸಬಹುದಾ ಅಂತ ಅನುಮಾನವೇ? 1898ರಲ್ಲಿ ಇಂಗ್ಲಿಷ್ ಜೀವವಿಜ್ಞಾನಿ ಹಕ್ಸ್ಲಿಯ ವಿಕಾಸದ ಬರಹವನ್ನು ಚೀನಿಗೆ ತಂದ ಯೆನ್ ಫು ಇನ್ನೂ ಮುಂದೆ ಹೋಗಿದ್ದರು. ಹಳೆಗದ್ಯದ ಶೈಲಿ, ನಡುನಡುವೆ ತಮ್ಮದೇ ಟಿಪ್ಪಣಿ. ಅನುವಾದಕ್ಕೆ ನಿಷ್ಠೆ, ಸ್ಪಷ್ಟತೆ, ಸೊಗಸು ಮೂರೂ ಬೇಕು ಅಂದವರೂ ಅವರೇ! ಆದರೆ ಮುನ್ನುಡಿಯಲ್ಲಿ ಬೌದ್ಧ ಅನುವಾದಕ ಕುಮಾರಜೀವನ ಮಾತು ನೆನೆದು, ನನ್ನನ್ನು ಅನುಕರಿಸಿದರೆ ಕೆಡುತ್ತೀರಿ ಅಂತ ಎಚ್ಚರಿಸಿದ್ದಾರೆ. ಕತ್ತರಿಸುವುದು ಸರಿ, ಸೇರಿಸುವುದು ಬೇಡ ಅಂತ ನನ್ನ ಲೆಕ್ಕ.

ಕೊನೆಗೆ ಸಂಖ್ಯೆ. ಚೀನಿ ಲೆಕ್ಕ ಹತ್ತು ಸಾವಿರಕ್ಕೆ ಒಂದು 'ವಾನ್', ಹತ್ತು ಕೋಟಿಗೆ ಒಂದು 'ಯಿ'. ಬ್ರಹ್ಮಾಂಡದ ವಯಸ್ಸು 13.8 ಬಿಲಿಯನ್ ವರ್ಷ ಅಂತ ಓದಿ, ನಾನು ಕಣ್ಣುಮುಚ್ಚಿ 13.8 'ಯಿ' ಬರೆದಿದ್ದೆ. ಅಂದರೆ 138 ಕೋಟಿ. ಭೂಮಿಗೇ ಸುಮಾರು 460 ಕೋಟಿ! ಮಗಳು ಅಮ್ಮನಿಗಿಂತ ದೊಡ್ಡವಳಾ ಅಂತ ಮೇಷ್ಟ್ರು ನಕ್ಕರು. ಅವತ್ತಿಂದ ಬಿಲಿಯನ್ ಕಂಡರೆ ಮೊದಲು ಕೋಟಿಗೆ ತರುತ್ತೇನೆ: 1,380 ಕೋಟಿ. ಆಮೇಲೆ ಹತ್ತರಿಂದ ಭಾಗಿಸಿ 138 'ಯಿ'.